ಎನ್‌ಮ್ಯಾಪ್, ಮಾಸ್‌ಸ್ಕ್ಯಾನ್, ರಸ್ಟ್‌ಸ್ಕ್ಯಾನ್: ನಮ್ಮ ಶಿರಸಿ ಆಫೀಸಿಗೆ ಯಾವುದು ಒಗ್ಗಿತು

ಶಿರಸಿಯ ಒಂದು ಅಡಿಕೆ ಸಹಕಾರಿ ಸಂಘದ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಆಫೀಸು, ಟೆಂಡರ್ ನಡೆಯುವ ಅಂಗಳ, ಗೋದಾಮು ಮೂರೂ ಸೇರಿ ಒಂದೇ ನೆಟ್‌ವರ್ಕ್, 254 ವಿಳಾಸ. ನನಗಿಂತ ಮೊದಲು ಇದ್ದವರು ಒಬ್ಬರಾದ ಮೇಲೊಬ್ಬರು ಝ್ಯಾಬಿಕ್ಸ್, ನಾಗಿಯೋಸ್, ಪ್ರೊಮಿಥಿಯಸ್ ಅಂತ ತಮಗೆ ಗೊತ್ತಿದ್ದ ಮಾನಿಟರಿಂಗ್ (ಯಂತ್ರಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರ್) ಹಾಕಿ ಹೋಗಿದ್ದಾರೆ, ಯಾವುದು ಎಲ್ಲಿ ಓಡುತ್ತಿದೆ ಎಂದು ಎಲ್ಲೂ ಬರೆದಿಟ್ಟಿಲ್ಲ. ಮಳೆ ಹಿಡಿದರೆ ಇಲ್ಲಿ ಕರೆಂಟಿನ ಕಥೆ ನಿಮಗೇ ಗೊತ್ತು. ಯುಪಿಎಸ್ ಬ್ಯಾಟರಿ ಇಳಿಯುತ್ತಿದೆ ಎಂದು ಎಚ್ಚರಿಸಬೇಕಾದ ಸರ್ವಿಸ್ ಬದುಕಿದೆಯಾ ಇಲ್ಲವಾ ಅಂತಲೇ ಗೊತ್ತಿಲ್ಲದೆ ಜೂನ್‌ಗೆ ಕಾಲಿಡುವುದು ಬೇಡ ಅನಿಸಿತು. ಮ್ಯಾನೇಜರ್ ಹತ್ತಿರ ಲಿಖಿತ ಒಪ್ಪಿಗೆ ತೆಗೆದುಕೊಂಡು (ಇದನ್ನು ಯಾರೂ ಬಿಡಬೇಡಿ) ಯಾವ ಯಂತ್ರದಲ್ಲಿ ಯಾವ ಪೋರ್ಟ್ (ಒಂದೊಂದು ಸರ್ವಿಸ್ ಕಾಯುವ ಸಂಖ್ಯೆಯ ಬಾಗಿಲು) ತೆರೆದಿದೆ ಎಂದು ಹುಡುಕುವ ಮೂರು ಟೂಲ್ ಹಾಕಿ ನೋಡಿದೆ.

ಮೊದಲು ಮಾಸ್‌ಸ್ಕ್ಯಾನ್. ವೇಗಕ್ಕೆ ಹೆಸರಾದದ್ದು, ಇಡೀ ಇಂಟರ್‌ನೆಟ್ ಅನ್ನೇ ಜಾಲಾಡಲು ಬರೆದದ್ದು. ಆದರೆ ನಮ್ಮ ಲೆಕ್ಕ ನೋಡಿ. ನನಗೆ ಬೇಕಿದ್ದ ಪೋರ್ಟ್ ಹತ್ತು, ವಿಳಾಸ 254, ಅಂದರೆ ಒಂದೊಂದಕ್ಕೂ ಒಂದರಂತೆ 2540 ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಹೋಗುವ ಪುಟ್ಟ ಸಂದೇಶ). ಮಾಸ್‌ಸ್ಕ್ಯಾನ್ ತಾನಾಗಿ ಸೆಕೆಂಡಿಗೆ 100 ಪ್ಯಾಕೆಟ್ ಕಳಿಸುತ್ತದೆ, ಆ ನಿಧಾನದಲ್ಲೂ ಅರ್ಧ ನಿಮಿಷದೊಳಗೆ ಎಲ್ಲ ಕಳಿಸಿಯಾಯಿತು. ವೇಗ ಏರಿಸುವ ಅಗತ್ಯವೇ ಇಲ್ಲ ಅಲ್ವಾ? ಆದರೂ ಏರಿಸಿ ನೋಡಿದೆ, ಗೋದಾಮಿನ ಹಳೆಯ ಸ್ವಿಚ್ ಹಿಂದಿದ್ದ ಎರಡು ಯಂತ್ರ ಪಟ್ಟಿಯಿಂದಲೇ ಕಾಣೆಯಾದವು. ಅಲ್ಲದೆ ಅದು ಕೊಡುವುದು ಪೋರ್ಟ್ ತೆರೆದಿದೆ ಎಂಬ ಸುದ್ದಿ ಮಾತ್ರ. ಅಲ್ಲಿ ಯಾರಿದ್ದಾರೆ ಎಂದು ಕೇಳಿಸಬೇಕಾದರೆ ಬ್ಯಾನರ್ (ಸರ್ವಿಸ್ ತನ್ನ ಪರಿಚಯ ಹೇಳುವ ಸಾಲು) ಆಯ್ಕೆ ಹಾಕಿ, ಅದಕ್ಕೆ ಬೇರೆ ಐಪಿಯನ್ನೋ ಫೈರ್‌ವಾಲ್ ನಿಯಮವನ್ನೋ ಕೊಡಬೇಕು. ಯಾಕೆಂದರೆ ಅದರ ಟಿಸಿಪಿ (ಸಂಪರ್ಕ ಕಟ್ಟುವ ವ್ಯವಸ್ಥೆ) ಅದರದ್ದೇ, ಯಂತ್ರದ್ದಲ್ಲ. ತನಗೆ ಗೊತ್ತಿಲ್ಲದ ಸಂಪರ್ಕ ಎಂದು ಲಿನಕ್ಸ್ ಕರ್ನೆಲ್ ನಡುವೆ ಬಂದು ಕಡಿದುಹಾಕುತ್ತದೆ. ನಮ್ಮ ಗಾತ್ರದ ಆಫೀಸಿಗೆ ಇಷ್ಟು ಕಷ್ಟ ಯಾಕೆ?

ರಸ್ಟ್‌ಸ್ಕ್ಯಾನ್ ಬೇರೆ ಥರ. 65535 ಪೋರ್ಟನ್ನೂ ಬೇಗ ಬೇಗ ತಟ್ಟಿ, ತೆರೆದದ್ದನ್ನು ಮಾತ್ರ ಎನ್‌ಮ್ಯಾಪ್ ಕೈಗೆ ಕೊಡುತ್ತದೆ. ಒಂದು ಸರ್ವರ್‌ನಲ್ಲಿ ಯಾರೋ ಪೋರ್ಟ್ ಬದಲಿಸಿ ಇಟ್ಟಿದ್ದ ಎಕ್ಸ್‌ಪೋರ್ಟರ್ (ಯಂತ್ರದ ಅಂಕಿಅಂಶವನ್ನು ಪ್ರೊಮಿಥಿಯಸ್‌ಗೆ ಒದಗಿಸುವ ಪ್ರೋಗ್ರಾಂ) ನನಗೆ ಸಿಕ್ಕಿದ್ದು ಇದರಿಂದಲೇ. ಒಂದು ಯಂತ್ರದ ಮೇಲೆ ಅನುಮಾನ ಇದ್ದಾಗ ಇದು ತುಂಬಾ ಒಳ್ಳೆಯದು. ಇಡೀ ನೆಟ್‌ವರ್ಕ್ ಮೇಲೆ ಬಿಡುವುದು ನನಗೆ ಇಷ್ಟವಾಗಲಿಲ್ಲ.

ಕೊನೆಗೆ ಕೈಹಿಡಿದದ್ದು 1997ರಿಂದ ಇರುವ ಎನ್‌ಮ್ಯಾಪ್. ಆದರೆ ಸುಮ್ನೆ ಓಡಿಸಿದರೆ ಸಾಲದು. ತಾನಾಗಿ ಅದು ನೋಡುವುದು ಹೆಚ್ಚು ಬಳಕೆಯ 1000 ಪೋರ್ಟ್ ಮಾತ್ರ, ಹಾಗಾಗಿ ನಮಗೆ ಬೇಕಾದ್ದನ್ನು ನಾವೇ ಹೇಳಬೇಕು. ನಾನು ಕೊಟ್ಟ ಮಾನಿಟರಿಂಗ್ ಪೋರ್ಟ್ ಇವು: ಗ್ರಫಾನಾ 3000, ನಾಗಿಯೋಸ್ ಏಜೆಂಟ್ (ಯಂತ್ರದಲ್ಲಿ ಕೂತು ಸುದ್ದಿ ಕೊಡುವ ಪ್ರೋಗ್ರಾಂ) 5666, ಚೆಕ್‌ಎಂಕೆ 6556, ಪ್ರೊಮಿಥಿಯಸ್ 9090, ನೋಡ್ ಎಕ್ಸ್‌ಪೋರ್ಟರ್ 9100, ವಿಂಡೋಸ್ ಎಕ್ಸ್‌ಪೋರ್ಟರ್ 9182, ಝ್ಯಾಬಿಕ್ಸ್ 10050 ಮತ್ತು 10051, ನೆಟ್‌ಡೇಟಾ 19999, ಜೊತೆಗೆ ಮ್ಯೂನಿನ್ 4949. ಬಂದ ಉತ್ತರವನ್ನು ಓದುವುದರಲ್ಲೇ ಅರ್ಧ ಕೆಲಸ ಇದೆ. ಝ್ಯಾಬಿಕ್ಸ್ ಏಜೆಂಟ್ ತನ್ನ ಪಟ್ಟಿಯಲ್ಲಿರುವ ಸರ್ವರ್ ಬಿಟ್ಟು ಬೇರೆ ಯಾರು ಬಂದರೂ ಬಾಗಿಲು ತೆರೆದು ಮಾತಾಡದೆ ಮುಚ್ಚುತ್ತದೆ, ಅದನ್ನು ಎನ್‌ಮ್ಯಾಪ್ ಟಿಸಿಪಿ ರ‍್ಯಾಪ್ಡ್ ಎಂದು ತೋರಿಸುತ್ತದೆ. ಅದು ಹಾಳಾಗಿದೆ ಎಂದಲ್ಲ. ಝ್ಯಾಬಿಕ್ಸ್ ಸರ್ವರ್‌ನಿಂದಲೇ ಓಡಿಸಿದಾಗ ಸರಿಯಾಗಿ ಮಾತಾಡಿತು.

ಇನ್ನು 9100. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೋಡ್ ಎಕ್ಸ್‌ಪೋರ್ಟರ್ ಇರುವುದೂ ಇದೇ ಪೋರ್ಟಿನಲ್ಲಿ, ನೆಟ್‌ವರ್ಕ್ ಪ್ರಿಂಟರ್ ಕಾಗದ ಒತ್ತುವುದೂ ಇದೇ ಪೋರ್ಟಿನಲ್ಲಿ. ಪ್ರಿಂಟರ್‌ಗೆ ಈ ಪೋರ್ಟಿನಲ್ಲಿ ಏನು ಕಳಿಸಿದರೂ ಅದು ಮುದ್ರಿಸಲು ಬಂದದ್ದು ಎಂದೇ ಲೆಕ್ಕ. ಅದಕ್ಕೇ ಎನ್‌ಮ್ಯಾಪ್ ಆವೃತ್ತಿ ಪತ್ತೆ (ಪೋರ್ಟಿನ ಹಿಂದೆ ಯಾವ ಪ್ರೋಗ್ರಾಂ ಇದೆ ಎಂದು ಕೇಳುವುದು) ಮಾಡುವಾಗ 9100 ಅನ್ನು ಬೇಕೆಂದೇ ಬಿಡುತ್ತದೆ, ಮುಟ್ಟದೆ ಜೆಟ್‌ಡೈರೆಕ್ಟ್ ಎಂಬ ಪ್ರಿಂಟರ್ ಹೆಸರು ಬರೆದು ಮುಂದೆ ಹೋಗುತ್ತದೆ. ನಮ್ಮ ಮೂರು ಲಿನಕ್ಸ್ ಸರ್ವರ್‌ಗಳೂ ಪಟ್ಟಿಯಲ್ಲಿ ಪ್ರಿಂಟರ್ ಆಗಿ ಕೂತಿದ್ದವು. ನಾನು 9100 ತೆರೆದಿದ್ದ ಎಲ್ಲ ವಿಳಾಸಕ್ಕೂ ಕರ್ಲ್‌ನಿಂದ (ಕಮಾಂಡ್ ಕೊಟ್ಟು ವೆಬ್ ಪುಟ ತರಿಸುವ ಟೂಲ್) ಎಕ್ಸ್‌ಪೋರ್ಟರ್ ಅಂಕಿಅಂಶ ಕೊಡುವ ಮೆಟ್ರಿಕ್ಸ್ ಪುಟ ಕೇಳಿದೆ. ಸರ್ವರ್‌ಗಳು ಚೆನ್ನಾಗಿ ಉತ್ತರಿಸಿದವು. ಅತ್ತ ಅಂಗಳದಲ್ಲಿ ಚಾಲಿ ಅಡಿಕೆಯ ಟೆಂಡರ್ ಬಿಲ್ ಒತ್ತುವ ಪ್ರಿಂಟರ್ ನನ್ನ ಕೋರಿಕೆಯ ಸಾಲುಗಳನ್ನೇ ಕಾಗದದ ಮೇಲೆ ಒತ್ತಿ ಹಾಕಿತು. ರೈತರು ಬಿಲ್ಲಿಗೆ ಕಾಯುತ್ತಿದ್ದ ಹೊತ್ತು, ಬಹಳ ಬೇಸರವಾಯಿತು. ಈಗ ಮುದ್ರಣಕ್ಕೆ ಬಳಸುವ 515 ಮತ್ತು 631 ಪೋರ್ಟನ್ನೂ ಸೇರಿಸಿ ನೋಡುತ್ತೇನೆ. ಅವೆರಡರಲ್ಲಿ ಒಂದು ತೆರೆದಿದ್ದರೂ, ಅಥವಾ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿಗೆ ತಯಾರಕರು ಕೊಟ್ಟ ಗುರುತು) ಮುಂದೆ ಪ್ರಿಂಟರ್ ಕಂಪನಿಯ ಹೆಸರಿದ್ದರೂ, ಆ ವಿಳಾಸಕ್ಕೆ ಕರ್ಲ್ ಹೋಗುವುದಿಲ್ಲ.

ಯುಪಿಎಸ್ ಮತ್ತು ಸ್ವಿಚ್ ಮಾತ್ರ ಈ ಮೂರರಲ್ಲೂ ಸರಿಯಾಗಿ ಸಿಗಲಿಲ್ಲ. ಅವು ಮಾತಾಡುವುದು ಎಸ್‌ಎನ್‌ಎಂಪಿ (ಸಾಧನಗಳ ಸ್ಥಿತಿ ಕೇಳುವ ಭಾಷೆ), ಅದೂ ಟಿಸಿಪಿ ಅಲ್ಲ, ಯುಡಿಪಿಯ 161ನೇ ಪೋರ್ಟಿನಲ್ಲಿ. ಕಮ್ಯುನಿಟಿ ಹೆಸರು (ಒಂದು ಥರದ ಪಾಸ್‌ವರ್ಡ್) ತಪ್ಪಾದರೆ ಅವು ಬಾಯಿಯೇ ಬಿಡುವುದಿಲ್ಲ, ಎನ್‌ಮ್ಯಾಪ್‌ಗೂ ತೆರೆದಿದೆಯೋ ತಡೆದಿದೆಯೋ ಹೇಳಲು ಬರುವುದಿಲ್ಲ. ಇದಕ್ಕೆ ಒನ್‌ಸಿಕ್ಸ್‌ಟಿವನ್ ಎಂಬ ಪುಟ್ಟ ಟೂಲ್ ಇದೆ, ಹೆಸರಿನಲ್ಲೇ 161 ಇದೆ. ಹಳೆಯ ಕಡತಗಳಲ್ಲಿ ಸಿಕ್ಕ ನಾಲ್ಕು ಕಮ್ಯುನಿಟಿ ಹೆಸರನ್ನು ಫೈಲಿಗೆ ಹಾಕಿ ಕೊಟ್ಟೆ, ಚಾ ಕುಡಿದು ಬರುವುದರೊಳಗೆ ಯುಪಿಎಸ್ ತನ್ನ ಹೆಸರು ಹೇಳಿತ್ತು.

ಕುಮಟಾ ಶಾಖೆ ಘಟ್ಟದ ಕೆಳಗೆ, ವಿಪಿಎನ್ (ಇಂಟರ್‌ನೆಟ್ ಮೂಲಕ ಹಾಕಿದ ಖಾಸಗಿ ದಾರಿ) ಆಚೆ. ರೂಟರ್ ದಾಟಿದ ಮೇಲೆ ಮ್ಯಾಕ್ ವಿಳಾಸ ಕಾಣುವುದಿಲ್ಲ, ಅಲ್ಲಿ ಒಂದು ಗುರುತು ಕಡಿಮೆ. ಆ ಕಡೆ 9100 ಕಂಡರೆ ಮೊದಲು ಫೋನ್ ಮಾಡುತ್ತೇನೆ: "ಅಣ್ಣಾ, ಆ ನಂಬರಿನದು ಪ್ರಿಂಟರಾ, ಸರ್ವರಾ? ಸ್ವಲ್ಪ ನೋಡಿ ಹೇಳಿ."