ದಪ್ಪ ಕಾದಂಬರಿಗೆ ಕಾಗದವೋ, ಫೋನೋ, ಕಿವಿಯೋ?

ನಾಲ್ಕುನೂರು ಪುಟ ದಾಟಿದ ಕಾದಂಬರಿಯಾದರೆ ಕಾಗದದ ಪ್ರತಿಯೇ ಸೈ, ಅದೂ ದಾರದಲ್ಲಿ ಹೊಲಿದದ್ದು. ಪುಸ್ತಕದ ವಾಸನೆ ಗೀಸನೆ ಮಾತು ಬೇಡ. ಹಿಂದಿನ ಪುಟಕ್ಕೆ ಹೋಗುವುದು ಸಲೀಸು, ಅಷ್ಟೇ. ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಲಿಸ್ಬನ್‌ನಿಂದ ತುಂಗಭದ್ರೆಯ ದಂಡೆಗೆ ಬರುತ್ತದೆ, ಮತ್ತೆ ವಾಪಸ್ ಹೋಗುತ್ತದೆ. ಭೈರಪ್ಪನವರ ‘ಪರ್ವ’ದಲ್ಲಿ ಒಬ್ಬೊಬ್ಬರ ನೆನಪಿನೊಳಗಿಂದ ಕತೆ ಸಾಗುತ್ತದೆ. ದಿನಕ್ಕೆ 20–30 ಪುಟ ಓದುವವರು ‘ಇವನ್ಯಾರಪ್ಪಾ?’ ಎಂದು ಹಿಂದೆ ತಿರುಗಿಸದೆ ಗತಿಯಿಲ್ಲ. ಕಾಗದದಲ್ಲಿ ಅದು ಹೆಬ್ಬೆರಳಿನ ಕೆಲಸ. ಫೋನಿನಲ್ಲಿ ಹೆಸರು ಟೈಪಿಸಿ ಹುಡುಕಬೇಕು. ಕೇಳುವ ಪುಸ್ತಕದಲ್ಲಿ ಆ ಆಸೆಯನ್ನೇ ಬಿಡಬೇಕು.

ಕಾಗದಕ್ಕೂ ಒಂದು ಕಾಟವಿದೆ: ಹಾಳೆ ಕಿತ್ತು ಬರುವುದು. ಈಗಿನ ಬಹಳಷ್ಟು ಕಾದಂಬರಿಗಳು ಪರ್ಫೆಕ್ಟ್ ಬೈಂಡಿಂಗಿನವು. ಫಾರಂಗಳ, ಅಂದರೆ ಅಚ್ಚಾದ ಮೇಲೆ ಮಡಚಿದ ದೊಡ್ಡ ಹಾಳೆಗಳ, ಬೆನ್ನನ್ನು ಕೊಯ್ದು, ಒರಟು ಮಾಡಿ, ಬಿಸಿ ಅಂಟು ಬಳಿದು ರಕ್ಷಾಪುಟ ಒತ್ತುತ್ತಾರೆ. ಒಂದೊಂದು ಹಾಳೆಯೂ ಆ ತೆಳು ಅಂಟಿಗೆ ಅಂಚಿನಲ್ಲಷ್ಟೇ ಕಚ್ಚಿಕೊಂಡಿರುತ್ತದೆ. 120 ಪುಟದ ಪುಸ್ತಕ ಇದನ್ನು ತಾಳಿಕೊಳ್ಳುತ್ತದೆ. 450 ಪುಟದ್ದನ್ನು ಅಂಗಾತ ಬಿಚ್ಚಿದರೆ ಎಳೆತವೆಲ್ಲ ಬೆನ್ನಿನ ಒಂದೇ ಗೆರೆಯ ಮೇಲೆ ಬಿದ್ದು ಅಲ್ಲೇ ಸೀಳುತ್ತದೆ. ಕಲಬುರಗಿಯ ಮೇ ತಿಂಗಳ 42 ಡಿಗ್ರಿಗೆ ಅಂಟು ಕರಗುವುದಿಲ್ಲ, ನಿಜ. ಆದರೆ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಕಾಯುವುದು ಅದಕ್ಕಿಂತ ಎಷ್ಟೋ ಹೆಚ್ಚು. ಅಲ್ಲಿಟ್ಟರೆ ಬೆನ್ನು ಮೆತ್ತಗಾಗಿ ಹಾಳೆ ಜಾರುತ್ತವೆ. ಹಾಗೆ ಕಾದದ್ದನ್ನು ಕೂಡಲೇ ಬಿಚ್ಚಬಾರದು. ಮೇಲೆ ಭಾರ ಹೇರಿ ಆರಲು ಬಿಡಬೇಕು.

ಕೊಳ್ಳುವಾಗಲೇ ಬೆನ್ನಿನ ಮೇಲ್ತುದಿ ನೋಡಿ. ಹಾಳೆಗಳು ಸಣ್ಣ ಸಣ್ಣ ಮಡಿಕೆಗಳ ಕಟ್ಟಾಗಿದ್ದು, ಕಟ್ಟಿನ ನಡುಪುಟದಲ್ಲಿ ದಾರ ಕಂಡರೆ ಅದು ಹೊಲಿದದ್ದು. ಮಡಿಕೆ ಇದ್ದು ದಾರವಿಲ್ಲದಿದ್ದರೆ ಮೋಸಹೋಗಬೇಡಿ, ಅದೂ ಅಂಟಿನದೇ. ಮುದ್ರಣ ವಿವರದ ಪುಟದಲ್ಲಿ ಡೆಮಿ 1/8, 70 ಜಿಎಸ್‌ಎಂ ಮ್ಯಾಪ್‌ಲಿಥೋ ಎಂದು ಪುಟದ ಅಳತೆ, ಕಾಗದದ ತೂಕ, ಜಾತಿ ಎಲ್ಲ ಬರೆಯುವವರು ಬೈಂಡಿಂಗ್ ಬಗ್ಗೆ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ.

ಅಂಟಿನದೇ ಸಿಕ್ಕರೆ ಓದುವ ಮೊದಲು ಪಳಗಿಸಬೇಕು. ಬೆನ್ನು ಕೆಳಗೆ ಮಾಡಿ ಮೇಜಿನ ಮೇಲೆ ನಿಲ್ಲಿಸಿ, ಎರಡೂ ರಕ್ಷಾಪುಟಗಳನ್ನು ಮಲಗಿಸಿ. ಆಮೇಲೆ ಮುಂದಿನಿಂದ 15–20 ಹಾಳೆ, ಹಿಂದಿನಿಂದ ಅಷ್ಟೇ, ಹೀಗೆ ಸರದಿಯಂತೆ ಒತ್ತುತ್ತಾ ನಡುವಿಗೆ ಬನ್ನಿ. ಹಾಳೆ ಬಂದೇಬಿಟ್ಟರೆ ಸೆಲ್ಲೋಟೇಪ್ ಹಚ್ಚಬೇಡಿ. ವರ್ಷ ಕಳೆದರೆ ಹಳದಿಯಾಗಿ ಜಿಗುಟು ಉಳಿಸುತ್ತದೆ. ಒಳ ಅಂಚಿಗೆ 2 ಮಿ.ಮೀ. ಅಗಲ ಫೆವಿಕಾಲ್ ತೆಳ್ಳಗೆ ಸವರಿ, ಹಾಳೆ ಪೂರ್ತಿ ಒಳಗೆ ತಳ್ಳಿ, ಎರಡೂ ಬದಿ ಪ್ಲಾಸ್ಟಿಕ್ ಹಾಳೆ ಇಟ್ಟು ರಾತ್ರಿಯಿಡೀ ಭಾರ ಹೇರಿ. ಫೆವಿಕಾಲ್ ಹೆಚ್ಚಾದರೆ ಪಕ್ಕದ ಪುಟಗಳೂ ಕಚ್ಚಿಕೊಳ್ಳುತ್ತವೆ.

ಗ್ರಂಥಾಲಯದ ಪ್ರತಿ ಪುಕ್ಕಟೆ. ಆದರೆ ರಟ್ಟು ಹಾಕಿಸುವಾಗ ಬದಿಯಿಂದ ಚುಚ್ಚಿ ಹೊಲಿದಿದ್ದರೆ ಒಳ ಅಂಚಿನ ಅಕ್ಷರಗಳು ಹೊಲಿಗೆಯೊಳಗೆ ಹೋಗಿರುತ್ತವೆ. ಪ್ರತಿ ಸಾಲಿಗೂ ಕತ್ತು ಓರೆ ಮಾಡಿ ಇಣುಕಬೇಕು.

ಫೋನಿನ ಓದಿಗೆ ಗೂಗಲ್ ಪ್ಲೇ ಬುಕ್ಸ್ ಇದೆ, ಮೈಲ್ಯಾಂಗ್ ಇದೆ. ದುಡ್ಡು ಕೊಡುವ ಮುಂಚೆ ಮಾದರಿ ಪುಟ ತೆರೆದು ಅಕ್ಷರ ದೊಡ್ಡದು ಮಾಡಿ. ಸಾಲು ತಾನಾಗಿ ಮುರಿದು ಮತ್ತೆ ಜೋಡಿಕೊಂಡರೆ ಅದು ಇ-ಪುಸ್ತಕ. ಪುಟವೇ ಹಿಗ್ಗಿ ಅಂಚು ಪರದೆಯಾಚೆ ಹೋದರೆ ಬರೀ ಚಿತ್ರ, ಬಿಟ್ಟುಬಿಡಿ. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಮೆಜಾನಿನ ಓದುವ ಯಂತ್ರ ಕಿಂಡಲ್ ನಂಬುವುದು ಕಷ್ಟ: 2016ರಲ್ಲಿ ಅದರಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕ ಬಂದಾಗ ಕನ್ನಡ ಅವುಗಳಲ್ಲಿ ಇರಲಿಲ್ಲ. ಪಿಡಿಎಫ್ ಹಾಕಿಕೊಂಡರೂ ಎಂಟೂವರೆ ಇಂಚು ಎತ್ತರದ ಪುಟ, ಮೂಲೆಯಿಂದ ಮೂಲೆಗೆ 6 ಇಂಚಿನ ಪರದೆಗೆ ಇಳಿದಾಗ ಅಕ್ಷರ ಅರ್ಧದ ಹತ್ತಿರಕ್ಕೆ ಕುಗ್ಗುತ್ತದೆ, ‘ಧ’ಕ್ಕೂ ‘ದ’ಕ್ಕೂ ವ್ಯತ್ಯಾಸ ಹತ್ತುವುದಿಲ್ಲ.

ಕೇಳುವ ಪುಸ್ತಕ ರೊಟ್ಟಿ ಬಡಿಯುವಾಗ, ಬೀದರ್ ರೈಲಿನಲ್ಲಿ ನಿಂತು ಹೋಗುವಾಗ ಒಳ್ಳೆಯದೇ. ಸಣ್ಣ ಕಾದಂಬರಿ, ನಾಲ್ಕೈದೇ ಪಾತ್ರ ಇದ್ದರೆ ಸಾಕು. ನಮ್ಮ ಕಲಬುರಗಿ ಕಡೆಯ ಮಾತು ಬಂದಾಗ ಮಾತ್ರ ಕಷ್ಟ: ‘ಹೊಂಟೀನ್ರಿ’ ಎಂಬುದನ್ನು ದಕ್ಷಿಣದ ದನಿಯವರು ನಾಟಕದ ಸಂಭಾಷಣೆಯಂತೆ ಎಳೆಯುತ್ತಾರೆ. ಗೀತಾ ನಾಗಭೂಷಣರ ‘ಬದುಕು’ವಿನಂಥದ್ದನ್ನು ಕಣ್ಣಿನಲ್ಲೇ ಓದಬೇಕು, ಆಗ ದನಿ ನಮ್ಮ ಓಣಿಯದೇ ಆಗಿರುತ್ತದೆ.

ನನ್ನ ಬಜೆಟ್ಟು ತಿಂಗಳಿಗೆ 500 ರೂಪಾಯಿ. ಹೆಚ್ಚುಕಡಿಮೆ ಪುಟಕ್ಕೊಂದು ರೂಪಾಯಿಯ ಲೆಕ್ಕದಲ್ಲಿ ಒಂದು ದಪ್ಪ ಕಾದಂಬರಿ ಬರುತ್ತದೆ, ಓದಿದ ಮೇಲೆ ಇನ್ನೊಬ್ಬರಿಗೂ ಕೊಡಬಹುದು. ಇ-ಪುಸ್ತಕ ಅಗ್ಗ, ಆದರೆ ಅದನ್ನು ಅತ್ತಿಗೆಗೆ ಕೊಡಲು ಫೋನನ್ನೇ ಕೊಡಬೇಕು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಸಿದ ಎರಡು ತಿಂಗಳು ಮಾತ್ರ ಫೋನೇ ಗೆಲ್ಲುತ್ತದೆ: ಅಲ್ಲಿ ದೀಪ ಹಚ್ಚಿದರೆ ಹುಳ, ಆರಿಸಿದರೆ ಕಾಗದ ಕಾಣುವುದಿಲ್ಲ.