‘ನ್ಯಾಚುರಲ್’ ಎಣ್ಣೆ ನನ್ನ ಹಕ್ಕಿಯ ಜೀವ ತೆಗೆಯಿತು, ಹಕ್ಕಿ ಸಾಕಿದವರು ದಯವಿಟ್ಟು ಓದಿ

ಮನೆಯಲ್ಲಿ ಲವ್ ಬರ್ಡ್ಸ್, ಕಾಕಟೀಲ್, ಫಿಂಚ್ ಯಾವುದೇ ಇರಲಿ, ಸುವಾಸನೆ ಎಣ್ಣೆಯ ಡಿಫ್ಯೂಸರ್ (ನೀರಿಗೆ ಹಾಕಿದ ಎಣ್ಣೆಯನ್ನು ಮಂಜಿನಂತೆ ಕೋಣೆಗೆ ಹರಡುವ ಕರೆಂಟ್ ಸಾಧನ) ತರಬೇಡಿ. ತಂದಿದ್ದರೆ ಮೊದಲು ಎದ್ದು ಪ್ಲಗ್ ಕೀಳಿ. ಆಮೇಲೆ ಓದಿ.

ನಾಲ್ಕು ವರ್ಷದಿಂದ ಎರಡು ಕಾಕಟೀಲ್ ಸಾಕಿದ್ದೆ, ಚಿಂಟು ಮತ್ತು ಪುಟ್ಟಿ. ನಾನು ಏನೂ ತಿಳಿಯದವಳಲ್ಲ. ಶುಕ್ರವಾರ ಸಾಂಬ್ರಾಣಿ ಹಾಕುವಾಗ ಪಂಜರ ಬಾಲ್ಕನಿಗೆ ಹೋಗುತ್ತಿತ್ತು. ಸೊಳ್ಳೆ ಬತ್ತಿ ಮನೆಯೊಳಗೆ ಹಚ್ಚಿದ್ದೇ ಇಲ್ಲ. ಅಷ್ಟು ಜಾಗ್ರತೆ ಮಾಡಿದವಳು ಒಂದೇ ಒಂದು ಮಾತಿಗೆ ಮೋಸ ಹೋದೆ.

ಮಳೆಗಾಲ, ಒಣಗದ ಬಟ್ಟೆ, ಹಾಲ್ ತುಂಬ ಮುಗ್ಗಲು ವಾಸನೆ. ಎಕ್ಸಿಬಿಷನ್‌ನ ಒಂದು ಸ್ಟಾಲ್‌ನಲ್ಲಿ ಡಿಫ್ಯೂಸರ್ ಜೊತೆಗೆ ನೀಲಗಿರಿ, ಟೀ ಟ್ರೀ ಎಣ್ಣೆ, ಸೆಟ್ಟಿಗೆ 1,150 ರೂಪಾಯಿ. ನಾನು ಕೇಳಿದ್ದೇನೆ. ಬಾಯಿಬಿಟ್ಟು ಕೇಳಿದ್ದೇನೆ. "ಮನೇಲಿ ಹಕ್ಕಿ ಇದೆ, ಪರವಾಗಿಲ್ವಾ?" ಅವನು ನಕ್ಕ. "ಅಯ್ಯೋ ಮೇಡಂ, ಇದು ಹೊಗೆ ಅಲ್ಲ, ಬರೀ ನೀರಿನ ಆವಿ. ಪೂರ್ತಿ ನ್ಯಾಚುರಲ್. ಹಕ್ಕಿಗಳು ಕಾಡಲ್ಲಿ ಇಂಥ ಮರದ ಮೇಲೇ ಕೂರೋದು ಅಲ್ವಾ?"

ಹೌದಲ್ಲ ಅಂತ ತಲೆಯಾಡಿಸಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಎಲೆ ಬೇರೆ, ರಾಶಿ ಎಲೆ ಬಟ್ಟಿ ಇಳಿಸಿ ತೆಗೆದ ಎಣ್ಣೆ ಬೇರೆ. ಇಷ್ಟು ಸಣ್ಣ ವಿಷಯ ಆ ಹೊತ್ತಿಗೆ ಹೊಳೆಯಲಿಲ್ಲ.

ಶನಿವಾರ ಸಂಜೆ ಆರಕ್ಕೆ ಅವನು ಹೇಳಿದಂತೆ ನಾಲ್ಕೇ ಹನಿ ಹಾಕಿದೆ. ಎಂಟೂವರೆಗೆ ಚಿಂಟು ಗರಿ ಉಬ್ಬಿಸಿಕೊಂಡು ಸುಮ್ನೆ ಕೂತಿದ್ದ. ನಿದ್ದೆ ಬಂದಿದೆ ಅಂದುಕೊಂಡೆ. ಹತ್ತು ಗಂಟೆಗೆ ನೋಡಿದರೆ ಪಂಜರದ ತಳದಲ್ಲಿದ್ದಾನೆ. ಕೊಕ್ಕು ತೆರೆದೇ ಇದೆ, ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದೆ. ಕಿಟಕಿ ತೆಗೆದೆ, ಪಂಜರ ಹೊರಗಿಟ್ಟೆ, ಸಿಕ್ಕ ಸಿಕ್ಕ ನಂಬರಿಗೆಲ್ಲ ಫೋನ್ ಮಾಡಿದೆ. ಆ ಹೊತ್ತಿಗೆ ಹಕ್ಕಿ ನೋಡುವ ಡಾಕ್ಟರ್ ಒಬ್ಬರೂ ಸಿಗಲಿಲ್ಲ. ಬೆಳಗಿನ ಜಾವ ನನ್ನ ಟವೆಲ್‌ನಲ್ಲೇ ಹೋಗಿಬಿಟ್ಟ. ನೂರು ಗ್ರಾಂ ಕೂಡ ಇರಲಿಲ್ಲ ಅವನು.

ಪುಟ್ಟಿಯನ್ನು ಬೆಳಿಗ್ಗೆ ಕರೆದುಕೊಂಡು ಹೋದೆ. ಆಕ್ಸಿಜನ್ ಕೊಟ್ಟು ಉಳಿಸಿದರು. ಡಾಕ್ಟರ್ ಬಿಡಿಸಿ ಹೇಳಿದರು: ಹಕ್ಕಿಗೆ ಶ್ವಾಸಕೋಶದ ಜೊತೆ ಗಾಳಿಚೀಲಗಳೂ ಇವೆ. ಉಸಿರು ಒಳಗೆ ಎಳೆಯುವಾಗಲೂ ಹೊರಗೆ ಬಿಡುವಾಗಲೂ ಶ್ವಾಸಕೋಶದೊಳಗೆ ಹೊಸ ಗಾಳಿ ಹರಿಯುತ್ತದೆ. ಅದಕ್ಕೇ ಗಾಳಿಯಲ್ಲಿ ಏನಿದ್ದರೂ ನಮಗಿಂತ ಬೇಗ ತಟ್ಟುತ್ತದೆ. ಬ್ರಿಟನ್‌ನ ಕಲ್ಲಿದ್ದಲು ಗಣಿಗಳಲ್ಲಿ ವಿಷಗಾಳಿ ತಿಳಿಯಲು 1986ರವರೆಗೂ ಕ್ಯಾನರಿ ಹಕ್ಕಿ ಇಟ್ಟುಕೊಳ್ಳುತ್ತಿದ್ದುದು ಇದೇ ಕಾರಣಕ್ಕಂತೆ. ಡಿಫ್ಯೂಸರ್‌ನ ಸಣ್ಣ ಹನಿ ಗರಿಯ ಮೇಲೂ ಕೂರುತ್ತದೆ, ಗರಿ ತೀಡುವಾಗ ಹೊಟ್ಟೆಗೂ ಹೋಗುತ್ತದೆ.

ಮನೆಗೆ ಬಂದು ಬಾಟಲಿ ತಿರುಗಿಸಿ ನೋಡಿದೆ. ‘ಒಂದಕ್ಕೆ ಒಂದು ಉಚಿತ’ ಅಂತ ಹಳದಿ ಸ್ಟಿಕರ್. ಉಗುರಿನಿಂದ ಕಿತ್ತೆ. ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ: ಸಾಕುಪ್ರಾಣಿ ಮತ್ತು ಹಕ್ಕಿಗಳಿಂದ ದೂರವಿಡಿ. ಅಲ್ಲೇ ಕುಸಿದು ಕೂತೆ. ಬರೆದಿತ್ತು. ಬರೆದೇ ಇತ್ತು. ಅದರ ಮೇಲೇ ಸ್ಟಿಕರ್ ಅಂಟಿಸಿದ್ದರು.

ಫೋಟೋ ತೆಗೆದು ಆ ಸ್ಟಾಲ್‌ನವನಿಗೆ ವಾಟ್ಸಾಪ್ ಮಾಡಿದೆ. ಮೊದಲ ಉತ್ತರ: "ಹನಿ ಜಾಸ್ತಿ ಹಾಕಿರ್ತೀರ ಮೇಡಂ." ನಾಲ್ಕೇ ಹಾಕಿದ್ದು ಅಂದೆ. "ಹಾಗಾದ್ರೆ ಹಕ್ಕಿಗೆ ಮೊದಲೇ ಕಾಯಿಲೆ ಇತ್ತೇನೋ." ಸ್ಟಿಕರ್ ವಿಷಯ ಕೇಳಿದೆ. "ಅದು ಕಂಪನಿಯವರು ಹಾಕೋದು, ನಮಗೆ ಸಂಬಂಧ ಇಲ್ಲ." ಕೊನೆಗೆ ಬಂದ ಮೆಸೇಜ್ ಮಾತ್ರ ಮರೆಯಲಾರೆ: "ಬೇಜಾರು ಮಾಡ್ಕೋಬೇಡಿ, ಎಣ್ಣೆ ದುಡ್ಡು ವಾಪಸ್ ಹಾಕ್ತೀನಿ, ಇನ್ನೊಂದು ಹಕ್ಕಿ ತಗೊಳ್ಳಿ."

ಇನ್ನೊಂದು ಹಕ್ಕಿಯಂತೆ! ನನ್ನ ಗಾಡಿ ಸದ್ದು ಕೇಳಿದರೆ ಮೂರನೇ ಮಹಡಿಯಿಂದ ಸಿಳ್ಳೆ ಹೊಡೆಯುತ್ತಿದ್ದವನು ಅವನು.

ಪಂಜರ ಇರುವ ಮನೆಯಲ್ಲಿ ರೂಮ್ ಫ್ರೆಶ್ನರ್, ಅಗರಬತ್ತಿ, ಕರ್ಪೂರ, ನುಸಿಗುಳಿಗೆ ಯಾವುದೂ ಬೇಡ. ನಾನ್‌ಸ್ಟಿಕ್ ತವಾ ಖಾಲಿ ಇಟ್ಟು ಒಲೆ ಹಚ್ಚಿ ಮರೆಯಬೇಡಿ. ಅದು ವಿಪರೀತ ಕಾದರೆ ಬರುವ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು. ಹಕ್ಕಿ ನೋಡುವ ಡಾಕ್ಟರ್ ನಂಬರ್ ಇವತ್ತೇ ಹುಡುಕಿಟ್ಟುಕೊಳ್ಳಿ, ನನ್ನ ಹಾಗೆ ರಾತ್ರಿ ಹತ್ತು ಗಂಟೆಗೆ ಅಲ್ಲ. ಅಂಗಡಿಯವನ ಮಾತು ಬಿಡಿ, ಸ್ಟಿಕರ್ ಕಿತ್ತು ಓದಿ.

ನಿನ್ನೆ ಅವನ ಸ್ಟೇಟಸ್ ನೋಡಿದೆ. ಅದೇ ಸೆಟ್ಟು, ಅದೇ ಹಳದಿ ಸ್ಟಿಕರ್, ಇನ್ನೊಂದು ಊರಿನ ಎಕ್ಸಿಬಿಷನ್.