ಮೈಸೂರು, ಮಂಗಳೂರು, ಧಾರವಾಡ: ಬೆಂಗಳೂರಿನಿಂದ ದೂರ ಇದ್ದಷ್ಟೂ ಒಳ್ಳೇದು

ಧಾರವಾಡವೇ. ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೆ ಕಾಯಿಸುವುದು ಯಾಕೆ? ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿದ ಮೇಲೆ ಮೈಸೂರು, ಮಂಗಳೂರು, ಧಾರವಾಡ ಮೂರೂ ಕಡೆ ಒಂದಷ್ಟು ಕಾಲ ಇದ್ದು ನೋಡಿದೆ. ಸಾಮಾನು ಪೂರ್ತಿ ಇಳಿಸಿದ್ದು ಧಾರವಾಡದಲ್ಲಿ. ಊರಿನ ಅಭಿಮಾನ ಅಂದುಕೊಳ್ಳಬೇಡಿ, ನಾನು ಹಾಸನದ ಕಡೆಯವಳು. ಲೆಕ್ಕದ ಪ್ರಕಾರ ಮೈಸೂರನ್ನೇ ಮೆಚ್ಚಬೇಕಿತ್ತು.

ನನ್ನ ಕೆಲಸ ಕಂಪ್ಯೂಟರ್ ಮುಂದೆ. ಆಫೀಸು ವೈಟ್‌ಫೀಲ್ಡ್ ಕಡೆ. ತಿಂಗಳಿಗೆ ಎರಡು ಸಲ ಹೋಗಿ ಮುಖ ತೋರಿಸಿದರೆ ಸಾಕು, ಉಳಿದ ದಿನ ಮನೆಯಿಂದಲೇ. ಇಂಥ ಕೆಲಸ ಇರುವವರಿಗೆ ಮಾತ್ರ ಈ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ದಿನಾ ಪಂಚ್ ಮಾಡಬೇಕಾದವರು ಬೆಂಗಳೂರಲ್ಲೇ ಇರಿ, ಬೇರೆ ದಾರಿಯಿಲ್ಲ.

ಬೆಂಗಳೂರಲ್ಲಿ ಬಾಡಿಗೆ ಜಾಸ್ತಿ, ಟ್ರಾಫಿಕ್ ಜಾಸ್ತಿ, ಮೂರೂ ಊರಲ್ಲಿ ಅವು ಕಡಿಮೆ. ಇದು ಎಲ್ಲರಿಗೂ ಗೊತ್ತಿರುವ ಮಾತು. ಅದನ್ನು ಬಿಟ್ಟು ನನಗೆ ನಿಜವಾಗಿ ವ್ಯತ್ಯಾಸ ಕಂಡಿದ್ದು ಒಂದೇ ಕಡೆ: ಬೆಂಗಳೂರಿಗೆ ಹೋಗಲೇಬೇಕಾದ ದಿನ ಏನಾಗುತ್ತದೆ, ಹೋಗಬೇಕಾಗಿಲ್ಲದ ದಿನ ಬೆಂಗಳೂರು ನಮ್ಮನ್ನು ಎಷ್ಟು ಬಿಟ್ಟಿರುತ್ತದೆ.

ಮೈಸೂರಿನಿಂದ ಶುರು ಮಾಡೋಣ. ಊರು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ಒಂದು ಸುತ್ತು, ದೇವರಾಜ ಮಾರ್ಕೆಟ್ಟಿನಲ್ಲಿ ನಂಜನಗೂಡು ರಸಬಾಳೆ, ಅಗಲವಾದ ರಸ್ತೆ, ಸಾಲುಮರ. ನಲ್ಲಿ ತಿರುಗಿಸಿದರೆ ನೀರು. ನಾನಿದ್ದ ಸರಸ್ವತಿಪುರಂನಲ್ಲಿ ರಾತ್ರಿ ಒಂಬತ್ತಕ್ಕೆ ನಾಯಿ ಬೊಗಳಿದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದಸರಾ ಹತ್ತು ದಿನ ಮಾತ್ರ ಮನೆಯಿಂದ ಹೊರಗೆ ಬರುವ ಹಾಗಿಲ್ಲ, ಅದೂ ತಡೆದುಕೊಳ್ಳಬಹುದು.

ತಡೆದುಕೊಳ್ಳಲು ಆಗದಿದ್ದುದು ಬೇರೆ. ಮೈಸೂರು ಬೆಂಗಳೂರಿಗೆ ತೀರಾ ಹತ್ತಿರ.

2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆ ಆದ ಮೇಲೆ ಬೆಂಗಳೂರಿನ ಜನರ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ: ಮೈಸೂರು ಅಂದರೆ ಒಂದೂವರೆ ಗಂಟೆ. 118 ಕಿ.ಮೀ. ರಸ್ತೆಗೆ ಅದು ಸರಿಯೇ, ಆದರೆ ಯಾವುದರ ಒಂದೂವರೆ ಗಂಟೆ? ಕೆಂಗೇರಿವರೆಗಿನದು. ಕೆಂಗೇರಿಯಲ್ಲಿ ನನ್ನ ಆಫೀಸಿಲ್ಲ. ಅಲ್ಲಿಂದ ಊರಿನ ಈ ತುದಿ ಬಿಟ್ಟು ಆ ತುದಿಗೆ ಹೋಗಬೇಕು. ಕಾರಿನಲ್ಲಾದರೆ ಮೈಸೂರಿನಿಂದ ಬಂದಷ್ಟೇ ಹೊತ್ತು ಮತ್ತೆ, ಕೆಲವು ದಿನ ಅದಕ್ಕಿಂತ ಜಾಸ್ತಿ. ಆದರೆ ಇದನ್ನು ಮ್ಯಾನೇಜರಿಗೆ ಹೇಳಿ ಒಪ್ಪಿಸುವುದು ಸಾಧ್ಯವಿಲ್ಲ. 'ಹತ್ತಿರವೇ ಇದ್ದೀರಲ್ಲ, ನಾಳೆ ಒಂದು ಸಲ ಬಂದು ಹೋಗಿಬಿಡಿ' ಅಂತ ಸಂಜೆ ಏಳಕ್ಕೆ ಫೋನು. ಕ್ಲೈಂಟ್ ಬಂದರೆ ಫೋನು. ಯಾರದೋ ಬೀಳ್ಕೊಡುಗೆ ಇದ್ದರೆ ಫೋನು. ನೆಂಟರದೂ ಅದೇ ಕಥೆ. ಸತ್ಯನಾರಾಯಣ ಪೂಜೆಗೂ 'ಎಷ್ಟು ದೂರ ಮಹಾ' ಅಂತ ಕರೆಯುತ್ತಾರೆ, ಹೋಗದಿದ್ದರೆ ಮುನಿಸು. ತಿಂಗಳಿಗೆ ಎರಡು ಸಲ ಅನ್ನುವುದು ಮೆಲ್ಲಗೆ ವಾರಕ್ಕೆ ಎರಡು ಸಲ ಆಯಿತು.

ಹೋದ ದಿನ ಇಡೀ ದಿನ ಹೋಯಿತು ಅಂತಲೇ ಲೆಕ್ಕ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಪಾಸ್ ಇಟ್ಟುಕೊಂಡು ವರ್ಷಾನುಗಟ್ಟಲೆ ಓಡಾಡುವವರಿದ್ದಾರೆ, ಅವರಿಗೊಂದು ನಮಸ್ಕಾರ. ಅವರ ಸೀಟು, ಅವರ ಗುಂಪು, ಅವರ ಹರಟೆ ಎಲ್ಲ ಮೊದಲೇ ಗೊತ್ತಾಗಿರುತ್ತದೆ. ನನಗೆ ಕೂತು ನಿದ್ದೆ ಬರುವುದಿಲ್ಲ. ಎರಡೂವರೆ ಮೂರು ಗಂಟೆ ಅಂದರೆ ಮಲಗುವುದಕ್ಕೆ ಸಾಲದು, ಸುಮ್ನೆ ಕೂರುವುದಕ್ಕೆ ಜಾಸ್ತಿ. ಬೆಳಗ್ಗೆ ಐದಕ್ಕೆ ಎದ್ದು, ರಾತ್ರಿ ಹತ್ತೂವರೆಗೆ ಮನೆ ಸೇರಿ, ಮರುದಿನ ಕೆಲಸದ ಮುಂದೆ ಆಕಳಿಸುವುದು. ಇದಕ್ಕೆ ಬೆಂಗಳೂರೇ ವಾಸಿ ಅಲ್ವಾ?

ಮಂಗಳೂರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಊಟಕ್ಕೆ ಅಂಕ ಕೊಟ್ಟರೆ ಮಂಗಳೂರೇ ಮೊದಲು. ಬಂಗುಡೆ ಪುಳಿಮುಂಚಿ, ನೀರುದೋಸೆ, ಸಂಜೆ ಗೋಳಿಬಜೆ. ಸಿಟಿ ಬಸ್ಸು ಕೈ ತೋರಿಸಿದಲ್ಲಿ ನಿಲ್ಲುತ್ತದೆ, ಆಸ್ಪತ್ರೆಗಳಂತೂ ಹೆಜ್ಜೆಗೊಂದು. ಆದರೆ ನಾನು ಹೋಗಿದ್ದು ಮಳೆಗಾಲದಲ್ಲಿ. ಒಣಹಾಕಿದ ಬಟ್ಟೆ ಮೂರನೇ ದಿನವೂ ತಣ್ಣಗೆ, ಬೀರುವಿನಲ್ಲಿಟ್ಟ ಚರ್ಮದ ಬ್ಯಾಗಿನ ಮೇಲೆ ಬಿಳಿ ಬೂಸ್ಟು. ಅದಕ್ಕಿಂತ ದೊಡ್ಡ ತಲೆನೋವು ಘಟ್ಟ. ಶಿರಾಡಿಯಲ್ಲಿ ಮಣ್ಣು ಕುಸಿದರೆ ಬಸ್ಸು ಚಾರ್ಮಾಡಿ ಸುತ್ತುತ್ತದೆ, ಅಲ್ಲೂ ಕುಸಿದರೆ ದೇವರೇ ಗತಿ. ರೈಲಾದರೂ ಇದೆಯಲ್ಲ ಅಂದರೆ, ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ ಅದೂ ಇದೇ ಗುಡ್ಡಗಳ ಮಧ್ಯೆಯೇ ಇಳಿಯಬೇಕು. 2024ರ ಜುಲೈ ಕೊನೆಗೆ ಎಡಕುಮೇರಿ ಹತ್ತಿರ ಹಳಿ ಕೆಳಗಿನ ಮಣ್ಣು ಜಾರಿ ರೈಲು ದಿನಗಟ್ಟಲೆ ನಿಂತಿತ್ತು. ವಿಮಾನ ಇದೆ, ಆದರೆ ತಿಂಗಳಿಗೆ ಎರಡು ಸಲ ವಿಮಾನ ಹತ್ತುವ ಸಂಬಳ ನನ್ನದಲ್ಲ. ಮಳೆಗಾಲದ ನಾಲ್ಕು ತಿಂಗಳು ಊರು ಬಿಟ್ಟು ಹೊರಡಬೇಕಾಗಿಲ್ಲ ಅನ್ನುವವರು ಕಣ್ಣು ಮುಚ್ಚಿ ಮಂಗಳೂರಿಗೆ ಹೋಗಬಹುದು.

ಧಾರವಾಡ ಬೆಂಗಳೂರಿನಿಂದ 400 ಕಿ.ಮೀ.ಗೂ ಜಾಸ್ತಿ. 'ನಾಳೆ ಬಂದು ಹೋಗಿ' ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಇದೊಂದೇ ಕಾರಣ ಸಾಕಿತ್ತು ನನಗೆ. ಅದೇ ಮ್ಯಾನೇಜರ್ ಈಗ ಮೀಟಿಂಗುಗಳನ್ನು ಒಟ್ಟು ಮಾಡಿ, ಹದಿನೈದು ದಿನ ಮುಂಚೆ ತಾರೀಕು ಹೇಳಿ, 'ನಿಮಗೆ ಅನುಕೂಲ ಆಗುತ್ತಾ' ಅಂತ ಕೇಳುತ್ತಾರೆ.

ಹೋಗುವುದೂ ಸುಲಭ. ರಾತ್ರಿ ಊಟ ಮುಗಿಸಿ, ಮನೆಯಿಂದ ಸ್ಟೇಷನ್ನಿಗೆ ನಡೆದುಕೊಂಡು ಹೋಗಿ ರಾಣಿ ಚೆನ್ನಮ್ಮ ಹತ್ತಿದರೆ ಬೆಳಗ್ಗೆ ಮೆಜೆಸ್ಟಿಕ್. ಮೇಲಿನ ಬರ್ತ್ ಸಿಕ್ಕರೆ ನನಗೆ ಮನೆಗಿಂತ ಚೆನ್ನಾಗಿ ನಿದ್ದೆ ಬರುತ್ತದೆ. ಸ್ಟೇಷನ್ನಿನಿಂದ ಹಾಗೇ ಮೆಟ್ರೋಗೆ ಇಳಿದರೆ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿ ಆಗದೇ ಹೋಗಿದ್ದರೆ ಈ ಲೆಕ್ಕವೇ ತಪ್ಪುತ್ತಿತ್ತು. ಆಫೀಸಿನ ಕೆಳಮಹಡಿಯಲ್ಲಿ ಸೈಕಲ್ ತುಳಿದು ಬರುವವರಿಗೆ ಅಂತ ಸ್ನಾನದ ಮನೆ ಇದೆ, ಅಲ್ಲೇ ಸ್ನಾನ. ಸೈಕಲ್ ತುಳಿದು ಬರುವವರನ್ನು ಮಾತ್ರ ಇವತ್ತಿನವರೆಗೂ ಅಲ್ಲಿ ಕಂಡಿಲ್ಲ. ಸಂಜೆ ಕೆಲಸ ಮುಗಿಸಿ, ಊಟ ಮಾಡಿ, ಮತ್ತೆ ರಾತ್ರಿ ರೈಲು. 118 ಕಿ.ಮೀ. ನನ್ನ ಹಗಲನ್ನು ತಿನ್ನುತ್ತಿತ್ತು. 400 ಕಿ.ಮೀ. ಹೇಗೂ ಮಲಗುವ ರಾತ್ರಿಯಲ್ಲೇ ಮುಗಿದುಹೋಗುತ್ತದೆ.

ಧಾರವಾಡದವರೆಗಿನ ಒಂದು ವಂದೇ ಭಾರತ್ ಕೂಡ ಇದೆ, 2023ರ ಜೂನ್‌ನಿಂದ. ಆದರೆ ಅದು ಬೆಳಗ್ಗೆ ಬೆಂಗಳೂರು ಬಿಟ್ಟು ಮಧ್ಯಾಹ್ನ ಧಾರವಾಡದಿಂದ ವಾಪಸ್ ಹೊರಡುವ ಗಾಡಿ. ಇಲ್ಲಿಂದ ಹೊರಡುವವರು ಬೆಂಗಳೂರು ಮುಟ್ಟುವ ಹೊತ್ತಿಗೆ ಆಫೀಸು ಬಾಗಿಲು ಹಾಕಿರುತ್ತದೆ. ಹಬ್ಬದ ಹಿಂದಿನ ದಿನ ಯಾವ ರೈಲೂ ಸಿಗುವುದಿಲ್ಲ, ಖಾಸಗಿ ಬಸ್ಸಿನವರು ಬಾಯಿಗೆ ಬಂದ ರೇಟು ಹೇಳುತ್ತಾರೆ. ದೀಪಾವಳಿ, ಯುಗಾದಿ ಟಿಕೆಟ್ಟನ್ನು ಬುಕಿಂಗ್ ಶುರುವಾದ ದಿನವೇ ಮಾಡಿಬಿಡಿ.

ಈಗ ನೀರಿನ ಕಥೆ. ಧಾರವಾಡಕ್ಕೆ ಮನೆ ಬದಲಾಯಿಸಬೇಕು ಅಂತಿರುವವರು ಬೇರೆ ಏನು ಓದದಿದ್ದರೂ ಇದನ್ನು ಓದಿ.

ಮನೆ ನೋಡಲು ಹೋದಾಗ ನಾನು ಕೇಳಿದ್ದು, 'ನೀರು ಚೆನ್ನಾಗಿ ಬರುತ್ತದಾ?' ಮಾಲೀಕರು ಹೇಳಿದ್ದು, 'ಭಾಳ ಚಲೋ ಬರತಾವ್ರಿ'. ಸುಳ್ಳಲ್ಲ. ಬಂದಾಗ ಚೆನ್ನಾಗಿಯೇ ಬರುತ್ತದೆ. ಎಷ್ಟು ದಿನಕ್ಕೊಮ್ಮೆ ಅಂತ ಕೇಳಬೇಕು ಎಂಬುದು ಬೆಂಗಳೂರಿನಿಂದ ಬಂದವರ ತಲೆಗೆ ಹೊಳೆಯುವುದಿಲ್ಲ. ನನ್ನ ಬಡಾವಣೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಬಂದರೆ ಪುಣ್ಯ, ಬೇಸಿಗೆಯಲ್ಲಿ ಅದು ವಾರಕ್ಕೂ ಹೋಗುತ್ತದೆ. ಅದೂ ಇಂಥ ಹೊತ್ತಿಗೆ ಅಂತಿಲ್ಲ. ಬೆಳಗಿನ ಜಾವ ಮೂರಕ್ಕೂ ಬರಬಹುದು, ನಡು ಮಧ್ಯಾಹ್ನ ಮೀಟಿಂಗಿನಲ್ಲಿದ್ದಾಗಲೂ ಬರಬಹುದು.

ಹುಬ್ಬಳ್ಳಿ-ಧಾರವಾಡ ಅವಳಿನಗರಕ್ಕೆ ಮುಖ್ಯವಾಗಿ ಬರುವುದು ಮಲಪ್ರಭೆಯ ನೀರು, ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟಿನಿಂದ. ಒಂದೊಂದೇ ಬಡಾವಣೆಗೆ ವಾಲ್ವ್ ತಿರುಗಿಸಿ ಸರದಿ ಪ್ರಕಾರ ಬಿಡುತ್ತಾರೆ. ಎಲ್ಲ ಕಡೆಯೂ ಹೀಗೆ ಅಂತಲ್ಲ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರಿಂದಲೇ ಕೆಲವು ಬಡಾವಣೆಗಳಿಗೆ ದಿನವಿಡೀ ನೀರಿದೆ. ದೇಶದ ಬೇರೆ ಕಡೆಯವರೂ ಅದನ್ನು ಮಾದರಿ ಅಂತ ನೋಡಲು ಬಂದಿದ್ದರು. ಅಂದರೆ ಒಂದೇ ಊರಿನಲ್ಲಿ ಒಂದು ಮನೆಯವರು ನಲ್ಲಿ ತಿರುಗಿಸಿ ಗಿಡಕ್ಕೆ ಹಾಯಿಸುತ್ತಾರೆ, ಇನ್ನೊಂದು ಮನೆಯವರು ಬ್ಯಾರಲ್ ತುಂಬಿಸುತ್ತಾರೆ. ನನಗೆ ಸಿಕ್ಕಿದ್ದು ಬ್ಯಾರಲ್ ಓಣಿ.

ನೀರು ಬರುವ ಮುಂಚೆ ನಳದಿಂದ ಬುಸ್ ಅಂತ ಗಾಳಿ ಹೊರಡುತ್ತದೆ. ಓಣಿಯಲ್ಲಿ ಯಾರಿಗೆ ಮೊದಲು ಕೇಳುತ್ತದೋ ಅವರು ಉಳಿದವರಿಗೆ ಹೇಳಬೇಕು, ಇದು ಯಾರೂ ಬರೆದಿಡದ ಕಾನೂನು. ನಮ್ಮ ಎದುರು ಮನೆ ಅಜ್ಜಿಗೆ ಬೇರೆ ಏನೂ ಸರಿಯಾಗಿ ಕೇಳುವುದಿಲ್ಲ, ಇದು ಮಾತ್ರ ಕೇಳುತ್ತದೆ. 'ತಂಗೀ, ನಳಾ ಬಂದಾವ, ಮೋಟಾರ್ ಹಚ್ಚು' ಅಂತ ಗೇಟು ಬಡಿಯುತ್ತಾರೆ. ಮೊದಲ ಎರಡು ಬಕೆಟ್ ಕೆಂಪು ಮಣ್ಣಿನ ನೀರು, ಅದನ್ನು ಅಂಗಳಕ್ಕೆ ಬಿಡಬೇಕು. ಆಮೇಲೆ ಕುಡಿಯುವುದಕ್ಕೆ ಕೊಡ, ಆಮೇಲೆ ಸಂಪು, ಆಮೇಲೆ ಮೇಲಿನ ಟ್ಯಾಂಕು. ಈ ಕ್ರಮ ತಪ್ಪಿಸಿದರೆ ಕುಡಿಯುವ ನೀರಿಗೂ ಸಂಪಿಗೇ ಬಕೆಟ್ ಇಳಿಬಿಡಬೇಕು.

ನೀರು ಬಿಟ್ಟ ದಿನ ನಾನು ಬೆಂಗಳೂರಲ್ಲಿದ್ದರೆ? ಅದೇ ದೊಡ್ಡ ಸಮಸ್ಯೆ ಆಗಿತ್ತು. ಎರಡು ರಾತ್ರಿ ರೈಲಿನಲ್ಲಿ ಕಳೆದು ಬಂದು ಬಚ್ಚಲಿಗೆ ಹೋದರೆ ನಲ್ಲಿಯಲ್ಲಿ ಹನಿ ಇಲ್ಲ. ಟ್ಯಾಂಕರಿಗೆ ಫೋನು ಮಾಡಿದರೆ 'ಸಂಜೀಕ ಬರತೀವ್ರಿ'. ಕೊನೆಗೆ ಪ್ಲಂಬರ್ ಕರೆಸಿ ಸಂಪಿನೊಳಗೆ ಬಾಲ್ ವಾಲ್ವ್ ಹಾಕಿಸಿದೆ. ಈಗ ನೀರು ಬಂದರೆ ತಾನೇ ಸಂಪಿಗೆ ಬೀಳುತ್ತದೆ, ತುಂಬಿದ ಮೇಲೆ ತಾನೇ ನಿಲ್ಲುತ್ತದೆ. ಖರ್ಚು ಒಂದು ಸಾವಿರದೊಳಗೆ ಮುಗಿಯಿತು. ಮೇಲಿನ ಮನೆಯವರೂ ಅದೇ ಸಂಪು ಬಳಸುವುದರಿಂದ ಯಾರು ಎಷ್ಟು ಹೊತ್ತು ಮೋಟಾರ್ ಹಾಕಬೇಕು ಅನ್ನುವ ಮಾತುಕತೆ ಮಾತ್ರ ಇನ್ನೂ ಮುಗಿದಿಲ್ಲ.

ಹಾಗಾಗಿ ಮನೆ ನೋಡುವಾಗ ಕೋಣೆ ಎಷ್ಟು ಅಂತ ಆಮೇಲೆ ಕೇಳಿ, ಸಂಪಿನ ಕಬ್ಬಿಣದ ಮುಚ್ಚಳ ಮೊದಲು ತೆಗೆಸಿ. ಒಂದು ಕೋಲು ಇಳಿಸಿ ಆಳ ನೋಡಿ. ನೀರಿನ ಸರದಿ ಎಷ್ಟು ದಿನಕ್ಕೊಮ್ಮೆ ಅಂತ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ದಿನವಿಡೀ ನೀರಿರುವ ಬಡಾವಣೆಯಲ್ಲಿ ಬಾಡಿಗೆ ಸ್ವಲ್ಪ ಜಾಸ್ತಿ ಹೇಳಿದರೂ ಹಿಂದೆಮುಂದೆ ನೋಡಬೇಡಿ.

ಇಷ್ಟೆಲ್ಲ ಆದಮೇಲೂ ಧಾರವಾಡವೇ ಯಾಕೆ? ಬೆಂಗಳೂರಲ್ಲಿ ನೀರಿನ ಸುಖ ಇತ್ತು ಅಂತ ಹೇಳುವ ಹಾಗೂ ಇಲ್ಲವಲ್ಲ. 2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಕೈಕೊಟ್ಟಾಗ ಟ್ಯಾಂಕರಿಗೆ ಕೊಟ್ಟ ದುಡ್ಡು ಇನ್ನೂ ನೆನಪಿದೆ. ಅಲ್ಲಿ ದುಡ್ಡು ಕೊಟ್ಟು ಅನುಭವಿಸಿದ್ದನ್ನು ಇಲ್ಲಿ ಪುಕ್ಕಟೆ ಅನುಭವಿಸುತ್ತೇನೆ, ಅಷ್ಟೇ ವ್ಯತ್ಯಾಸ. ಮೈಸೂರು ಮಾತ್ರ ಈ ವಿಷಯದಲ್ಲಿ ಇಬ್ಬರಿಗಿಂತ ಮೇಲು, ಒಪ್ಪಿಕೊಳ್ಳಲೇಬೇಕು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಬಾಡಿಗೆ ಬೆಂಗಳೂರಲ್ಲಿ ಕೊಡುತ್ತಿದ್ದುದರ ಅರ್ಧಕ್ಕಿಂತ ಕಡಿಮೆ, ಮನೆ ಮಾತ್ರ ಅದಕ್ಕಿಂತ ದೊಡ್ಡದು, ಹಿತ್ತಲಲ್ಲಿ ಪೇರಲ ಗಿಡ ಬೇರೆ. ಎರಡು ಸಲದ ರೈಲು ಖರ್ಚು ಕಳೆದರೂ ಕೈಯಲ್ಲಿ ದುಡ್ಡು ಉಳಿಯುತ್ತದೆ. ಹುಬ್ಬಳ್ಳಿಗೆ ಹೋಗಲು ಚಿಗರಿ ಬಸ್ಸಿದೆ, ತನ್ನದೇ ದಾರಿಯಲ್ಲಿ ಓಡುವುದರಿಂದ ಟ್ರಾಫಿಕ್ಕಿನ ಗೊಡವೆ ಇಲ್ಲ. ಬೆಂಗಳೂರಿಗೆ ಇಂಥದ್ದನ್ನು ಹೊರವರ್ತುಲ ರಸ್ತೆಯಲ್ಲಾದರೂ ಮಾಡಲು ಆಗಲಿಲ್ಲ. ಹುಬ್ಬಳ್ಳಿಯಲ್ಲೇ ಮನೆ ಮಾಡಬಹುದಿತ್ತು, ರೈಲೂ ಅಲ್ಲಿಂದ ಜಾಸ್ತಿ, ವಿಮಾನ ನಿಲ್ದಾಣವೂ ಅಲ್ಲೇ. ಆದರೆ ಧೂಳು ನನಗೆ ಆಗಿಬರುವುದಿಲ್ಲ. ಖಾನಾವಳಿ ಊಟದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹಿಟ್ಟಿನ ಪಲ್ಲೆ, ಮೊಸರು. ಸಂಜೆ ಗಿರಮಿಟ್ಟು, ಜೊತೆಗೆ ಮಿರ್ಚಿ. ಫೇಡೆಗೆ ಲೈನ್ ಬಜಾರಿನಲ್ಲಿ ಸಾಲು ನಿಲ್ಲಬೇಕು, ನಿಲ್ಲುತ್ತೇನೆ.

ಬೆಂಗಳೂರಿನದು ಏನು ಇಲ್ಲಿ ಸಿಗುವುದಿಲ್ಲ ಅಂದರೆ, ಮೊದಲನೆಯದು ಕೆಲಸ. ಇವತ್ತು ನನ್ನ ಕಂಪನಿ ಬೇಡ ಅಂದರೆ ಧಾರವಾಡದಲ್ಲಿ ಅಂಥದ್ದೇ ಇನ್ನೊಂದು ಸಿಗುವುದು ಕಷ್ಟ. ಬೆಂಗಳೂರಲ್ಲಾದರೆ ಎದುರು ಕಟ್ಟಡಕ್ಕೆ ಹೋಗಿ ಕೇಳಬಹುದು. ಎರಡನೆಯದು ರಾತ್ರಿ ಹತ್ತರ ನಂತರದ ಊಟ. ಮೂರನೆಯದು, ಬೇಸಿಗೆಯಲ್ಲೂ ಫ್ಯಾನ್ ಇಲ್ಲದೆ ಮಲಗುತ್ತಿದ್ದ ಬೆಂಗಳೂರು. ಅದು ಈಗ ಬೆಂಗಳೂರಲ್ಲೂ ಇಲ್ಲ ಬಿಡಿ.

ಕೂತಲ್ಲೇ ನಿದ್ದೆ ಮಾಡುವವರು, ಮ್ಯಾನೇಜರಿಗೆ 'ಆಗುವುದಿಲ್ಲ ಸಾರ್' ಅಂತ ನೇರವಾಗಿ ಹೇಳುವ ಗಟ್ಟಿಗರು, ವಯಸ್ಸಾದ ಅಪ್ಪ ಅಮ್ಮ ಬೆಂಗಳೂರಲ್ಲಿ ಇರುವವರು ಮೈಸೂರಿಗೆ ಹೋಗಿ. ಮೀನಿಲ್ಲದೆ ಬದುಕಲಾರದವರಿಗೆ ಮಂಗಳೂರು. ರೈಲಿನ ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯಬಲ್ಲವರು, ಯಾರೂ ಕರೆಯದ ಮಂಗಳವಾರಗಳು ಬೇಕು ಅನ್ನುವವರು ಧಾರವಾಡಕ್ಕೆ ಬನ್ನಿ. ಬರುವಾಗ ಎರಡು ಬ್ಯಾರಲ್ ಹೊತ್ತು ತರಬೇಡಿ, ಅವು ಇಲ್ಲೇ ಬೇಕಾದಷ್ಟು ಸಿಗುತ್ತವೆ.